ಸೌಡಿಯ ಹೊರೆ

ಫೆಬ್ರವರಿ 23, ಭಾನುವಾರ

ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನಿಗೆ ದಿನದ ಕೊನೆಗೆ ಶಿಫ್ಟ್ ಪುಸ್ತಕ ಬರೆಯದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ನಿವೃತ್ತಿಯಾದ ಮೇಲೂ ಬರೆಯುತ್ತಿದ್ದೇನೆ. ಓದುವ ಮೇಲಧಿಕಾರಿ ಇಲ್ಲ, ಅಷ್ಟೇ ವ್ಯತ್ಯಾಸ. ಶಾಂತಮ್ಮನೂ ಮುಟ್ಟುವುದಿಲ್ಲ. "ನಿಮ್ಮ ನಟ್ಟು ಬೋಲ್ಟಿನ ಪುರಾಣ ನನಗ್ಯಾಕೆ" ಅನ್ನುತ್ತಾಳೆ.

ಇವತ್ತು ಮಾನ ಹೋಯಿತು. ಹಳೆಯ ಶಿಫ್ಟಿನ ನಾಲ್ವರು ಗೆಳೆಯರು ನನ್ನ ಗದ್ದೆ ನೋಡಲು ಬಂದಿದ್ದರು. ನಮ್ಮ ಮನೆ ಇರುವ ನ್ಯೂ ಟೌನಿನಿಂದ ಎಂಟು ಕಿಲೋಮೀಟರು, ಎಲ್ಲರನ್ನೂ ನಾನೇ ಕರೆದಿದ್ದು. ಅಪ್ಪನಿಂದ ಬಂದ ಒಂದೂವರೆ ಎಕರೆ. ಇಷ್ಟು ವರ್ಷ ಬೇರೆಯವರು ಮಾಡುತ್ತಿದ್ದರು, ಈ ಬೇಸಿಗೆ ಬೆಳೆ ನಾನೇ ಸ್ವತಃ ಇಟ್ಟದ್ದು. ಬದುವಿನ ಮೇಲೆ ನಿಂತು ಪೈರು ತೋರಿಸುತ್ತಿದ್ದೆ. ಶಿವಪ್ರಸಾದ್ ಮೂಲೆಯ ಕಡೆ ಕೈ ಮಾಡಿ, "ಅದೇನೋ ಮಾರಾಯ, ಅಲ್ಲೊಂದು ಕಡೆ ಬೋಳು ತಲೆ ಆಗಿದೆ?" ಅಂದ. ಎಲ್ಲರೂ ನಕ್ಕರು. ರೋಗ ಬಿದ್ದಿದೆ ಅಂದೆ.

ರೋಗವಲ್ಲ. ಆ ಮೂಲೆ ಎತ್ತರ, ಅಲ್ಲಿ ನೀರು ಹತ್ತುವುದಿಲ್ಲ. ಜನವರಿಯಲ್ಲಿ ನಾನು ಗದ್ದೆಗೆ ದಾರ ಕಟ್ಟಿ, ಮಟ್ಟಗೋಲು ಇಟ್ಟು ಸಮ ಮಾಡುತ್ತಿದ್ದಾಗ ಸೌಡಿ ಬಂದು ನಿಂತು ನೋಡಿದ್ದ. ನಾಲೆಯ ಗೇಟು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವವನಿಗೆ ಇಲ್ಲಿ ಸೌಡಿ ಅನ್ನುತ್ತಾರೆ. "ಮೇಸ್ತ್ರಿ, ಒಂದು ಸಲ ನೀರು ನಿಲ್ಸಿ ನೋಡಿ ಮಟ್ಟ ಮಾಡಿ. ನೀರಿಗಿಂತ ಮಟ್ಟಗೋಲು ಬೇಕಾ?" ಅಂದಿದ್ದ. ಏಳನೇ ಕ್ಲಾಸ್ ಓದಿದವನು ನನಗೆ ಮಟ್ಟ ಹೇಳಿಕೊಡುತ್ತಾನಲ್ಲ ಅನ್ನಿಸಿ, ಕೇಳಿಸದವನ ಹಾಗೆ ಇದ್ದೆ.

ಫೆಬ್ರವರಿ 27, ಗುರುವಾರ

ಸೌಡಿಯನ್ನು ಕೇಳಿದೆ. ಒಂದು ಗಂಟೆ ಹೆಚ್ಚಿಗೆ ಬಿಡು, ಆ ಮೂಲೆ ಬದುಕಲಿ ಅಂತ. ಆಗಲ್ಲ ಅಂದ.

ಸರದಿ ಹೀಗಿದೆ: ನಾಲೆಯಿಂದ ಒಡೆದ ನಮ್ಮ ಕವಲಿಗೆ ಮೂರು ದಿನ, ಆಮೇಲೆ ನಮ್ಮ ಗೇಟು ಮುಚ್ಚಿ ಕೊನೇ ಅಂಚಿನ ಗದ್ದೆಗಳಿಗೆ ಮೂರು ದಿನ. ನಾಲೆಯ ನೀರು ಕೊನೇ ಅಂಚಿಗೆ ತಲುಪುವ ಹೊತ್ತಿಗೆ ಅರ್ಧ ಆಗಿರುತ್ತದೆ ಅನ್ನುವುದು ನಿಜ. ಆದರೆ ಒಂದು ಗಂಟೆಯಲ್ಲಿ ಯಾರ ಗಂಟು ಹೋಗುತ್ತಿತ್ತು?

"ನಿಮಗೆ ನೀರು ಸಾಲದ್ದಲ್ಲ ಮೇಸ್ತ್ರಿ, ಮೂಲೆ ಎತ್ತರ," ಅಂದ, ಗೇಟಿನ ಹತ್ತಿರ ಇದ್ದ ಇನ್ನಿಬ್ಬರ ಎದುರಿಗೇ. "ಮುಂದಿನ ಬೆಳೆಗೆ ಕೆತ್ತಿಸಿ, ಸರಿ ಹೋಗುತ್ತೆ."

ಮನೆಗೆ ಬಂದರೂ ಕಿವಿ ಬಿಸಿಯಾಗಿಯೇ ಇತ್ತು. ಶಾಂತಮ್ಮ ಸಾರಿಗೆ ಉಪ್ಪು ಕಡಿಮೆ ಹಾಕಿದ್ದಾಳೆಂದು ಕೂಗಾಡಿದೆ. ಉಪ್ಪು ಸರಿಯಾಗಿಯೇ ಇತ್ತು.

ಮಾರ್ಚ್ 3, ಸೋಮವಾರ

ಗೇಟು ಎತ್ತುವ ಸ್ಕ್ರೂಗೆ ಚೌಕ ತಲೆ ಇದೆ. ಅದಕ್ಕೆ ಹಾಕಿ ತಿರುಗಿಸುವ ಕಬ್ಬಿಣದ ಹಿಡಿಯನ್ನು ಎಲ್ಲರೂ ಕೀಲಿ ಅನ್ನುತ್ತಾರೆ. ಇರುವುದು ಒಂದೇ. ಅದು ಸೌಡಿಯ ಸೊಂಟದಲ್ಲೇ ಇರುತ್ತದೆ. ಅದು ಕಳೆದುಹೋದರೆ ಗತಿ ಏನು? ಕಾರ್ಖಾನೆಯಲ್ಲಾದರೆ ಯಾವುದಕ್ಕೂ ಒಂದು ಸ್ಪೇರ್ ಇಲ್ಲದೆ ಮೆಷಿನ್ ನಡೆಸುತ್ತಿರಲಿಲ್ಲ.

ಹಾಗಾಗಿ ಇವತ್ತು ಮನೆಯ ಶೆಡ್ಡಿನಲ್ಲಿ ಒಂದು ಮಾಡಿದೆ. ಮೊನ್ನೆ ಅವನು ಬೀಡಿ ಹಚ್ಚುವಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟಿದ್ದ, ಅಷ್ಟರಲ್ಲಿ ಅಳತೆ ಬೆರಳಿಗೆ ಬಂದಿತ್ತು. ಅರದಲ್ಲಿ ಉಜ್ಜುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಳತೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಕೈ ಇನ್ನೂ ಮರೆತಿಲ್ಲ.

ಮಾರ್ಚ್ 9, ಭಾನುವಾರ

ಹಳ್ಳಿಯಲ್ಲಿ ಬೀಗರ ಊಟ. ಸೌಡಿಯೂ ಸೇರಿದಂತೆ ಎಲ್ಲರೂ ಪಂಕ್ತಿಯಲ್ಲಿ. ನಾನು ಮಾಂಸ ತಿನ್ನದವನು, ಗದ್ದೆ ಕಡೆ ಹೋಗಿಬರುತ್ತೇನೆಂದು ಹೊರಟೆ.

ಕೊನೇ ಅಂಚಿನವರ ಸರದಿಯ ಎರಡನೇ ದಿನ. ನಮ್ಮ ಗೇಟು ಮುಚ್ಚಿತ್ತು. ಕೀಲಿ ಹಾಕಿ ನೋಡಿದೆ, ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು. ಕೂತಿತು. ಸ್ವಲ್ಪ ತಿರುಗಿಸಿದೆ. ಸ್ಕ್ರೂ ಒಣಗಿ ಕಿರ್ರ್ ಅನ್ನುತ್ತಿತ್ತು, ಎಷ್ಟು ವರ್ಷದಿಂದ ಯಾರೂ ಎಣ್ಣೆ ಮುಖ ತೋರಿಸಿಲ್ಲವೋ. ಟಿವಿಎಸ್ ಗಾಡಿಯ ಬಾಕ್ಸಿನಲ್ಲಿ ಗ್ರೀಸ್ ಡಬ್ಬಿ ಇದ್ದೇ ಇರುತ್ತದೆ. ಎಳೆ ಎಳೆಗೂ ಹಚ್ಚಿದೆ. ಆಮೇಲೆ ಬೆಣ್ಣೆಯ ಹಾಗೆ ಎದ್ದಿತು.

ಎರಡು ಗಂಟೆ ನೀರು ಹಾಯಿಸಿಕೊಂಡು ಮುಚ್ಚಿದೆ. ಮೂಲೆ ನೆನೆಯಿತು.

ಮಾರ್ಚ್ 16, ಭಾನುವಾರ

ಮಧ್ಯಾಹ್ನ ಸೌಡಿ ಊಟಕ್ಕೆ ಹೋದಾಗ ಇನ್ನೊಮ್ಮೆ. ಮೂಲೆಯಲ್ಲಿ ಹಸಿರು ಕಾಣುತ್ತಿದೆ. ಶಿವಪ್ರಸಾದನಿಗೆ ಫೋಟೋ ಕಳಿಸಿದೆ.

ಮಾರ್ಚ್ 22, ಶನಿವಾರ

ಮತ್ತೆ. ಮೂರು ಗಂಟೆ. ಇನ್ನು ಸಾಕು.

ಮಾರ್ಚ್ 24, ಸೋಮವಾರ

ನೀರು ಬಳಕೆದಾರರ ಸಂಘದ ಸಭೆ. ಲಿಂಗಮ್ಮ ನಿಂತು ಮಾತಾಡಿದಳು. ಕೊನೇ ಅಂಚಿನಲ್ಲೂ ಕೊನೆಯ ಗದ್ದೆ ಅವಳದ್ದು, ಇಪ್ಪತ್ತು ಗುಂಟೆ, ಅದೊಂದೇ. ಪೈರು ಹೊಡೆ ಕಟ್ಟುವ ಹೊತ್ತಿನಲ್ಲಿ ಮೂರು ಸರದಿ ನೀರು ಅರ್ಧಕ್ಕೆ ನಿಂತಿದೆಯಂತೆ. "ಗಂಡ ಇಲ್ಲ ಅಂತ ನನ್ನ ಗದ್ದೆಗೆ ನೀರೂ ಇಲ್ವಾ?" ಅಂದಳು. ಮುಚ್ಚಿರಬೇಕಾದ ನಮ್ಮ ಕವಲು ಶನಿವಾರ ಒದ್ದೆಯಾಗಿದ್ದನ್ನು ಇಬ್ಬರು ನೋಡಿದ್ದಾರೆ. ನಮ್ಮ ಕವಲಿನಲ್ಲಿ ಹನ್ನೆರಡು ಗದ್ದೆ ಇವೆ. ಆದರೆ ಕೀಲಿ ಒಂದೇ.

ಎಲ್ಲರೂ ಕಲ್ಲಪ್ಪನ ಕಡೆ ತಿರುಗಿದರು. ಸೌಡಿಯ ಹೆಸರು ಕಲ್ಲಪ್ಪ. ಯಾರೋ ಎಣ್ಣೆ ಕುಡಿಸಿ ಬಿಡಿಸಿಕೊಂಡಿದ್ದಾರೆ ಅಂದರು. "ನಾನು ಗೇಟು ಮುಟ್ಟಿಲ್ಲ," ಅಂದ ಅವನು. ಎರಡು ಸಲ ಅಂದ, ಮೂರನೇ ಸಲ ಹೇಳಲಿಲ್ಲ.

ಅಧ್ಯಕ್ಷ ರುದ್ರೇಶ್ ನನ್ನ ಕಡೆ ನೋಡಿ, "ಮೇಸ್ತ್ರಿ ಇದಾರಲ್ಲ, ಕಾರ್ಖಾನೆ ಮನುಷ್ಯ. ಗೇಟನ್ನ ಪಾನಾ ಹಾಕಿ ಬಲವಂತಕ್ಕೆ ಎತ್ತಿದಾರಾ, ಕೀಲೀಲೇ ಎತ್ತಿದಾರಾ ಅಂತ ಅವರೇ ನೋಡಿ ಹೇಳ್ಲಿ. ಅವರ ಮಾತು ಅಂದ್ರೆ ಮಾತು," ಅಂದ.

ಒಪ್ಪಿಕೊಂಡೆ. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ.

ಮಾರ್ಚ್ 25, ಮಂಗಳವಾರ

ಆರು ಜನರ ಎದುರಿಗೆ ಕನ್ನಡಕ ಹಾಕಿಕೊಂಡು, ಟಾರ್ಚು ಹಿಡಿದು ಗೇಟು ಪರೀಕ್ಷೆ ಮಾಡಿದೆ. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದೆ: ಚೌಕ ತಲೆಯ ಮೇಲೆ ಪಾನಾದ ಹಲ್ಲಿನ ಗುರುತಿಲ್ಲ, ಅಂಚು ಮಾಸಿಲ್ಲ, ಗೇಟನ್ನು ಕೀಲಿಯಿಂದಲೇ ಎತ್ತಲಾಗಿದೆ.

ಒಂದಕ್ಷರವೂ ಸುಳ್ಳಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ. ಒಂದೇ ಒಂದಕ್ಷರ ಸುಳ್ಳಲ್ಲ.

ಮಾರ್ಚ್ 27, ಗುರುವಾರ

ಕಲ್ಲಪ್ಪನನ್ನು ತೆಗೆದರು. ಹದಿನೆಂಟು ವರ್ಷದ ಕೆಲಸ, ಕಾಗದ ಪತ್ರ ಏನೂ ಇಲ್ಲ. ಹೋಗು ಅಂದರೆ ಹೋಗಬೇಕು. ಈ ಬೆಳೆ ಮುಗಿಯುವವರೆಗೆ ಕೀಲಿ ಯಾರ ಕೈಗೆ ಅಂದಾಗ ಎಲ್ಲರೂ ಒಟ್ಟಿಗೆ ನನ್ನ ಹೆಸರು ಹೇಳಿದರು. ಚಪ್ಪಾಳೆ ಬೇರೆ.

ಕೀಲಿ ಒಪ್ಪಿಸಲು ಕಲ್ಲಪ್ಪ ಗೇಟಿನ ಹತ್ತಿರ ಬಂದ. ಕೊಡುವ ಮೊದಲು ಸ್ಕ್ರೂನ ಎಳೆಯ ಮೇಲೆ ಬೆರಳು ಎಳೆದ. ಬೆರಳು ನೋಡಿಕೊಂಡ. ಟವಲಿಗೆ ಒರೆಸಿಕೊಂಡ. ನನ್ನ ಮುಖ ನೋಡಿ, ಕೀಲಿಯನ್ನು ಕೈಗಿಟ್ಟ. ಕೀಲಿ ಬಿಸಿಯಾಗಿತ್ತು, ಸೊಂಟದಲ್ಲಿ ಇಟ್ಟುಕೊಂಡಿದ್ದನಲ್ಲ.

ಏಪ್ರಿಲ್ 2, ಬುಧವಾರ

ಈ ಕೆಲಸ ನಾಯಿಪಾಡು. ಬೆಳಿಗ್ಗೆ ಐದೂವರೆಗೆ ನ್ಯೂ ಟೌನ್ ಬಿಡಬೇಕು. ನಾಲೆ ಏರಿಯ ಮೇಲೆ ದಿನಕ್ಕೆ ಎರಡು ಸಲ ಆರು ಕಿಲೋಮೀಟರು ನಡಿಗೆ. ಕಸ ತೆಗೆಯಬೇಕು. ಮೇಲಿನವರು ಮಣ್ಣಿನ ಚೀಲ ಅಡ್ಡ ಇಟ್ಟಿರುತ್ತಾರೆ, ಎತ್ತಿ ಹಾಕಿದರೆ ಅಮ್ಮ ಅಪ್ಪ ಅಂತ ಬೈಗುಳ. ಇವತ್ತು ಒಬ್ಬ, "ಏನ್ ಮೇಸ್ತ್ರಿ, ಒಂದರ್ಧ ಗಂಟೆ ಬಿಟ್ರೆ ನಿಮ್ಮಪ್ಪನ ಮನೆ ಗಂಟು ಹೋಗುತ್ತಾ?" ಅಂದ.

ಆಗಲ್ಲ ಅಂದೆ. ಆಮೇಲೆ ಬಹಳ ಹೊತ್ತು ಅವನ ಮುಖ ನೋಡಲಾಗಲಿಲ್ಲ.

ಏಪ್ರಿಲ್ 9, ಬುಧವಾರ

ಕೊನೇ ಅಂಚಿನವರ ಸರದಿ. ನೀರಿನ ಜೊತೆ ನಡೆದುಕೊಂಡು ಲಿಂಗಮ್ಮನ ಗದ್ದೆವರೆಗೆ ಹೋದೆ. ಸ್ಟೀಲ್ ಸ್ಕೇಲ್ ಇಟ್ಟು ಅಳೆಯುತ್ತಿದ್ದರೆ ನಕ್ಕಳು.

"ಪಟ್ಟಿ ಯಾಕೆ ಮೇಸ್ತ್ರಿ? ಕಲ್ಲಪ್ಪಣ್ಣ ಚಪ್ಪಲಿ ಬಿಟ್ಟು ನಡುಗದ್ದೇಲಿ ನಿಂತ್ಕೊಳೋನು. ಕಾಲಿನ ಗಿಣ್ಣು ಮುಳುಗಿದ್ರೆ ಸಾಕು ಅನ್ನೋನು. ಒಂದಿನ ಕಮ್ಮಿ ಬಂದ್ರೆ ಮಾರನೇ ದಿನ ತಾನಾಗೇ ತುಂಬ್ಸೋನು. ಅಂಥೋನು ಈ ಸಲ ನಂಗೇ ಹಿಂಗ್ ಮಾಡಿದ್ನಲ್ಲ ಅನ್ನೋದೇ ಹೊಟ್ಟೆಗೆ ಬೆಂಕಿ."

ಶೂ ಬಿಚ್ಚಿ ಇಳಿದೆ. ಗಿಣ್ಣು ಮುಳುಗಲು ಇನ್ನೂ ಒಂದು ಗಂಟೆ ಬೇಕಾಯಿತು. ಅಷ್ಟು ಹೊತ್ತು ಅವಳ ಪೈರಿನ ನಡುವೆ ನಿಂತಿದ್ದೆ. ಹೊಡೆ ಬಿಚ್ಚಿದ ತೆನೆಗಳಲ್ಲಿ ಅರ್ಧ ಬಿಳಿಚಿಕೊಂಡು ನೆಟ್ಟಗೆ ನಿಂತಿವೆ. ಕಾಳು ಕಟ್ಟಿದ ತೆನೆ ಬಾಗುತ್ತದೆ, ಜೊಳ್ಳು ಬಾಗುವುದಿಲ್ಲ. ಒಂದನ್ನು ಬೆರಳಲ್ಲಿ ಒತ್ತಿದೆ. ಒಳಗೆ ಏನೂ ಇಲ್ಲ. ನನ್ನ ಮೂಲೆಯ ತೆನೆಗಳು ಚೆನ್ನಾಗಿ ಬಾಗಿವೆ.

ಏಪ್ರಿಲ್ 13, ಭಾನುವಾರ

ಶಾಂತಮ್ಮ ಶೆಡ್ಡು ಗುಡಿಸುವಾಗ ಬೋಲ್ಟಿನ ಡಬ್ಬಿಯ ಹಿಂದೆ ಕೈ ಹಾಕಿದ್ದಾಳೆ. ಎರಡು ಕೀಲಿಯನ್ನೂ ಊಟದ ತಟ್ಟೆಯ ಪಕ್ಕದಲ್ಲಿಟ್ಟಳು.

"ಇದೇನು ಎರಡು?"

"ಸ್ಪೇರ್."

"ಯಾವತ್ತಿಂದ?"

ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡೆ. ಅವಳು ಅನ್ನ ಬಡಿಸಿ, ತನ್ನ ತಟ್ಟೆ ತೆಗೆದುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಹಾಗೆ ಮಾಡಿದವಳಲ್ಲ.

ಏಪ್ರಿಲ್ 20, ಭಾನುವಾರ

ಶಿವಮೊಗ್ಗಕ್ಕೆ, ಮಗಳು ಸುಷ್ಮಾಳ ಮನೆಗೆ. ಅವಳು ಅಲ್ಲಿ ಸ್ಕೂಲ್ ಟೀಚರ್. ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನು ತ್ಯಾವರೆಕೊಪ್ಪಕ್ಕೆ ಹುಲಿ ಸಿಂಹ ತೋರಿಸಲು ಕರೆದುಕೊಂಡು ಹೋಗಿದ್ದಳಂತೆ.

"ಅಪ್ಪಾ, ಅಲ್ಲಿ ಯಾರು ಸಿಕ್ಕಿದ್ರು ಹೇಳಿ? ನಮ್ಮ ಗದ್ದೆ ಸೌಡಿ ಕಲ್ಲಪ್ಪ! ಪೈಪ್ ಹಿಡ್ಕೊಂಡು ತೊಟ್ಟಿ ತುಂಬಿಸ್ತಿದ್ರು. ಗುರುತು ಹಿಡಿದು ಅವರೇ ಮಾತಾಡಿಸಿದ್ರು. ನಿಮ್ಮನ್ನೂ ಕೇಳಿದ್ರಪ್ಪ."

"ಏನಂತ?"

"ಮೇಸ್ತ್ರಿ ಗೇಟಿಗೆ ಈಗಲೂ ಗ್ರೀಸ್ ಹಚ್ತಾ ಇದಾರಾ ಕೇಳಮ್ಮ, ಅಂದ್ರು."

ಅವಳು ನಗುತ್ತಿದ್ದಳು. ಹಳೆಯ ಪರಿಚಯದವರ ತಮಾಷೆ ಅಂದುಕೊಂಡಿದ್ದಾಳೆ. ಶಾಂತಮ್ಮ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟೆ.

ಅವನಿಗೆ ಗೊತ್ತು. ಮಾರ್ಚ್ ಇಪ್ಪತ್ತೇಳರಿಂದ, ಬೆರಳು ಎಳೆದ ಆ ಗಳಿಗೆಯಿಂದ, ಬಹುಶಃ ಅದಕ್ಕೂ ಮೊದಲಿಂದಲೇ ಗೊತ್ತು. ಹದಿನೆಂಟು ವರ್ಷ ಆ ಗೇಟಿಗೆ ಯಾರೂ ಗ್ರೀಸ್ ಹಚ್ಚಿಲ್ಲ. ಹಚ್ಚುವವನು ಆ ಊರಲ್ಲಿ ಒಬ್ಬನೇ. ಕದಿಯಲು ಹೋದವನಿಗೆ ಒಣಗಿದ ಎಳೆ ನೋಡಿ ಸುಮ್ಮನಿರಲು ಆಗಲಿಲ್ಲವಲ್ಲ, ಎಂಥ ಮುಟ್ಠಾಳ ನಾನು.

ಮೇ 2, ಶುಕ್ರವಾರ

ಬರೆಯಲು ಏನೂ ಇಲ್ಲ. ನಾಲೆ, ಗೇಟು, ನಾಲೆ.

ಮೇ 11, ಭಾನುವಾರ

ಕೊಯ್ಲು ಶುರುವಾಗಿದೆ. ಈಗ ಎಲ್ಲ ಮೆಷಿನ್ನೇ. ಆದರೆ ಹಳಬರು ಒಂದು ಪದ್ಧತಿ ಬಿಟ್ಟಿಲ್ಲ. ನಾಲೆ ನೀರು ಗದ್ದೆಗೆ ಇಳಿಯುವ ಬಾಯಿಯ ಹತ್ತಿರದ ಪೈರನ್ನು ಮೆಷಿನ್ ಬರುವ ಮೊದಲೇ ಕುಡುಗೋಲಿನಲ್ಲಿ ಕೊಯ್ದು, ಒಂದು ಹೊರೆ ಕಟ್ಟಿ ಸೌಡಿಗೆ ಕೊಡುತ್ತಾರೆ. ಈ ವರ್ಷ ಯಾರೂ ಕೊಡಲಿಲ್ಲ. ನಾನೇನು ನಿಜವಾದ ಸೌಡಿಯೇ? ನೆಮ್ಮದಿಯಾಗಿದ್ದೆ.

ಹತ್ತು ಗಂಟೆಗೆ ಲಿಂಗಮ್ಮ ತಲೆಯ ಮೇಲೆ ಹೊರೆ ಹೊತ್ತುಕೊಂಡು ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಬಂದಳು. ನನ್ನ ಕಾಲಿನ ಹತ್ತಿರ ಇಳಿಸಿ ಬೆವರು ಒರೆಸಿಕೊಂಡಳು.

"ತಗೊಳ್ಳಿ ಮೇಸ್ತ್ರಿ. ನೀವು ಬಂದ ಮೇಲೇ ನನ್ನ ಗದ್ದೆ ಮತ್ತೆ ಗಿಣ್ಣು ಮುಟ್ಟ ನೀರು ಕಂಡಿದ್ದು."

"ಬೇಡ ಲಿಂಗಮ್ಮ."

"ಬೇಡ ಅನ್ಬಾರ್ದು, ಮುಂದಿನ ಬೆಳೆಗೆ ಒಳ್ಳೇದಲ್ಲ. ಈ ಸಲ ಜೊಳ್ಳೇ ಜಾಸ್ತಿ, ಬೇಜಾರ್ ಮಾಡ್ಕೋಬೇಡಿ. ಮುಂದಿನ ಸಲ ಗಟ್ಟಿ ಕಾಳಿಂದು ಕೊಡ್ತೀನಿ."

ಜೊಳ್ಳಿಗೆ ಅವಳು ನನ್ನ ಹತ್ತಿರ ಕ್ಷಮೆ ಕೇಳಿದಳು.

ಹೊರೆಯನ್ನು ಗಾಡಿಗೆ ಕಟ್ಟಿಕೊಂಡು ಮನೆಗೆ ತಂದು ಶೆಡ್ಡಿನಲ್ಲಿಟ್ಟಿದ್ದೇನೆ. ನಾಚಿಕೆಯಿಂದ ಸಾಯುವುದು ಅಂತ ಮಾತಿಗೆ ಹೇಳುತ್ತಾರೆ. ಸಾಯುವುದಿಲ್ಲ. ಉಣ್ಣುತ್ತೇವೆ, ಹಲ್ಲುಜ್ಜುತ್ತೇವೆ. ಶಾಂತಮ್ಮ ಹೊರೆ ನೋಡಿ, "ಇದನ್ನೂ ತಂದ್ರಾ?" ಅಂದಳು, ಅಷ್ಟೇ.

ಮೇ 14, ಬುಧವಾರ

ಬಸ್ಸು ಹಿಡಿದು ಶಿವಮೊಗ್ಗ, ಅಲ್ಲಿಂದ ತ್ಯಾವರೆಕೊಪ್ಪ. ಕಲ್ಲಪ್ಪ ಜಿಂಕೆಗಳ ಬೇಲಿಯ ಹೊರಗೆ ಪೈಪ್ ಸುತ್ತುತ್ತಿದ್ದ. ಖಾಕಿ ಅಂಗಿ ದೊಗಲೆಯಾಗಿತ್ತು. ನನ್ನನ್ನು ನೋಡಿ ಆಶ್ಚರ್ಯವಾದವನ ಹಾಗೆ ಕಾಣಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಹೊರಗೆ ಬಂದದ್ದು ಇಷ್ಟು: "ನಾನು ನೀರು ಕದ್ದೆ ಕಲ್ಲಪ್ಪ."

"ಹೂಂ."

"ನಿನಗೆ ಗೊತ್ತಿತ್ತು."

"ಕದ್ದು ಗ್ರೀಸ್ ಹಚ್ಚಿ ಹೋಗೋ ಕಳ್ಳ ಎಲ್ಲಿದಾನೆ ಮೇಸ್ತ್ರಿ?"

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

ಪೈಪಿನ ತುದಿ ತೊಟ್ಟಿಗೆ ಹಾಕಿ ಬಂದ. "ನಾನು ಹೇಳಿದ್ರೆ ಯಾರು ನಂಬ್ತಿದ್ರು? ಸೌಡಿ ಮಾತಿಗೂ ಮೇಸ್ತ್ರಿ ಮಾತಿಗೂ ತಾಳೆ ಉಂಟಾ? ನೀವೇ ಹೇಳ್ತೀರ ಅಂದ್ಕೊಂಡೆ. ಆ ಚೀಟಿ ಬರೆಯೋವಾಗ ಹೇಳ್ತೀರ ಅಂದ್ಕೊಂಡೆ. ಕೀಲಿ ಇಸ್ಕೊಳೋವಾಗ ಹೇಳ್ತೀರ ಅಂದ್ಕೊಂಡೆ."

ವಾಪಸ್ ಬಾ, ಸಂಘದವರಿಗೆ ನಾನು ಹೇಳಿ ಸರಿಮಾಡುತ್ತೇನೆ ಅಂದೆ.

"ಬರೋದು ಬಿಡೋದು ಆಮೇಲೆ ನೋಡೋಣ. ಇಲ್ಲಿ ಸರದಿ ಜಗಳ ಇಲ್ಲ. ಹುಲಿ ಬರುತ್ತೆ, ಕುಡಿಯುತ್ತೆ, ಹೋಗುತ್ತೆ." ಪೈಪಿನ ತುದಿಯನ್ನು ಪಕ್ಕದ ತೊಟ್ಟಿಗೆ ಬದಲಾಯಿಸಿದ. "ನಂಗೆ ಹೇಳಿದ್ದು ಸಾಕು. ಊರಲ್ಲಿ ನನ್ನ ಹೆಂಡ್ತಿ ಸಣ್ಣಮ್ಮ ಇದಾಳೆ. ಗಂಡ ನೀರು ಮಾರ್ಕೊಂಡ ಅಂತ ಬಾವಿ ಕಟ್ಟೇಲಿ ಅನ್ನಿಸ್ಕೊಂಡು, ಈಗ ಸುತ್ತು ಹಾಕ್ಕೊಂಡು ಕೆರೆ ದಾರೀಲಿ ಹೋಗ್ತಾಳೆ. ಅವಳ ಎದುರಿಗೆ ಹೇಳಿ. ನಾಲ್ಕು ಜನ ಇರೋವಾಗ ಹೇಳಿ."

ನನ್ನನ್ನು ಬಸ್ಸಿನವರೆಗೆ ಬಿಡಲು ಬರಲಿಲ್ಲ.

ಮೇ 18, ಭಾನುವಾರ

ಬರೆದು ಮುಗಿಸಿಯೇ ಮಲಗುತ್ತೇನೆ.

ಸಭೆ ಬೆಳಿಗ್ಗೆ ಶಾಲೆಯ ಜಗುಲಿಯಲ್ಲಿತ್ತು. ನಾನೇ ಕರೆಸಿದ್ದು. ಸಣ್ಣಮ್ಮನ ಮನೆಗೆ ಶಾಂತಮ್ಮ ಹೋಗಿ ಕರೆತಂದಳು. ಇಬ್ಬರೂ ಹಿಂದಿನ ಕಂಬದ ಹತ್ತಿರ ನಿಂತರು. ಎರಡು ಕೀಲಿಯನ್ನೂ ಮೇಜಿನ ಮೇಲಿಟ್ಟೆ. ಯಾವತ್ತು ಮಾಡಿದೆ, ಯಾವ್ಯಾವತ್ತು ಕದ್ದೆ, ಎಷ್ಟು ಗಂಟೆ, ಯಾರ ಗದ್ದೆಯ ನೀರು, ಗ್ರೀಸ್ ಹಚ್ಚಿದ್ದು, ಎಲ್ಲ ಹೇಳಿದೆ. ಚೀಟಿಯಲ್ಲಿ ಯಾಕೆ ಹಾಗೆ ಬರೆದೆ ಅನ್ನುವುದನ್ನೂ ಹೇಳಿದೆ.

ಬಾಯಿಗೆ ಬಂದ ಹಾಗೆ ಬೈಯುತ್ತಾರೆ ಅಂದುಕೊಂಡಿದ್ದೆ. ರುದ್ರೇಶ್ ಎದ್ದು ನನ್ನ ಭುಜದ ಮೇಲೆ ಕೈಯಿಟ್ಟ. "ಹೋಗ್ಲಿ ಬಿಡಿ ಮೇಸ್ತ್ರಿ. ದೊಡ್ಡೋರು, ಒಪ್ಕೊಂಡ್ರಲ್ಲ. ಏನೋ ಒಂದ್ಸಲ ಆಯ್ತು."

"ಮೂರು ಸಲ," ಅಂದೆ.

"ಕದ್ದು ಗ್ರೀಸ್ ಹಚ್ಚೋ ಕಳ್ಳನ್ನ ಇವತ್ತೇ ಕಂಡಿದ್ದು," ಅಂದ ಯಾರೋ. ಜಗುಲಿಯೇ ನಕ್ಕಿತು. ನನ್ನ ಜೊತೆ ನಕ್ಕರು, ನನ್ನನ್ನು ನೋಡಿ ಅಲ್ಲ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಲಿಂಗಮ್ಮ ಮುಂದೆ ಬಂದಳು.

"ನಗೋದೇನಿದೆ ಇದರಲ್ಲಿ? ಅವತ್ತು ಕಲ್ಲಪ್ಪಣ್ಣ ನಿಂತಿದ್ದಾಗ ಯಾರೂ ನಗಲಿಲ್ವಲ್ಲ. ಹದಿನೆಂಟು ವರ್ಷ ನೀರು ಕೊಟ್ಟೋನಿಗೆ, ಹೋಗ್ಲಿ ಬಿಡು ಅಂತ ಒಬ್ರಾದ್ರೂ ಅಂದ್ರಾ? ನಾನೂ ಅನ್ನಲಿಲ್ಲ. ನನ್ನ ಬಾಯಿಗೆ ಹುಳ ಬೀಳ."

ಅವಳು ನನ್ನ ಕಡೆ ತಿರುಗಿದಳು.

"ನನ್ನ ಹೊರೆ ಎಲ್ಲಿ?"

ಗಾಡಿಯಲ್ಲಿ ಕಟ್ಟಿಕೊಂಡು ತಂದಿದ್ದೆ. ಬಿಚ್ಚಿ ತಂದು ಅವಳ ಮುಂದೆ ಇಟ್ಟೆ.

"ನನ್ನ ಮುಂದೆ ಯಾಕೆ? ಅದು ಸೌಡೀದು. ಹೊತ್ಕೊಂಡು ಹೋಗಿ ಕೊಟ್ಟು ಬನ್ನಿ. ಗಾಡೀಲಿ ಬೇಡ, ತಲೆ ಮೇಲೆ."

ರುದ್ರೇಶ್ ಏನೋ ಹೇಳಲು ಬಂದ. ಬೇಡ ಅಂದೆ. ಟವಲು ಸಿಂಬೆ ಸುತ್ತಿ ತಲೆಗಿಟ್ಟುಕೊಂಡೆ, ಶಾಂತಮ್ಮ ಹೊರೆ ಎತ್ತಿ ಕೊಟ್ಟಳು. ಅವಳು ನನ್ನನ್ನು ನೇರವಾಗಿ ನೋಡಿ ತಿಂಗಳ ಮೇಲಾಗಿತ್ತು.

ಶಾಲೆಯಿಂದ ಕಲ್ಲಪ್ಪನ ಮನೆಗೆ ಊರಿನ ಉದ್ದ ಬೀದಿ. ಹುಲ್ಲು ಕಣ್ಣಿಗೆ ಬೀಳುತ್ತಿತ್ತು, ಕತ್ತು ತಿರುಗಿಸಲಾಗುತ್ತಿರಲಿಲ್ಲ. ಬಾಗಿಲುಗಳಲ್ಲಿ ಜನ ನಿಂತಿದ್ದರು. ಬಾವಿ ಕಟ್ಟೆಯ ಹೆಂಗಸರು ಕೊಡ ಎತ್ತುವುದು ಬಿಟ್ಟು ನೋಡಿದರು. ಸಣ್ಣಮ್ಮ ನನಗಿಂತ ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದಳು. ಕೆರೆ ದಾರಿಯಲ್ಲಲ್ಲ, ಆ ಕಟ್ಟೆಯ ಮುಂದಿನಿಂದಲೇ ಹೋದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಅವಳ ಮನೆ ಮುಟ್ಟಿದ ಮೇಲೆ ಬೇಗ ಇಳಿಸಿ ತಪ್ಪಿಸಿಕೊಳ್ಳೋಣ ಅಂತ ಹಿತ್ತಿಲ ಕಡೆ ತಿರುಗಿದೆ. ಹುಲ್ಲು, ಹೊರೆ ಇಡುವುದು ಅಲ್ಲೇ ತಾನೆ.

"ಹಿತ್ತಿಲಿಗೆ ಬೇಡ," ಅಂದಳು ಸಣ್ಣಮ್ಮ. ಇಡೀ ದಿನದಲ್ಲಿ ಅವಳು ನನ್ನ ಜೊತೆ ಆಡಿದ್ದು ಅದೇ ಮೊದಲ ಮಾತು. "ಬಾಗಿಲ ಮುಂದೆ ಇಡಿ. ಹೋಗೋರು ಬರೋರಿಗೆಲ್ಲ ಕಾಣ್ಲಿ."

ಬಾಗಿಲ ಮುಂದೆ ಇಟ್ಟೆ. ಅವಳು ಬಂದು, ತೆನೆಗಳು ಬೀದಿಯ ಕಡೆ ಮುಖ ಮಾಡುವ ಹಾಗೆ ಅದನ್ನು ತಿರುಗಿಸಿ ಇಟ್ಟಳು.